ಗೈರುಹಾಜರಿಗೆ ಕಾರಣ

ನಮ್ಮಪ್ಪ ಕೊಡಗಿನ ಶ್ರೀಮಂಗಲದ ಪಕ್ಕದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಭಾಷೆಯಲ್ಲಿ ರೈಟರ್ ಎಂದರೆ ಲೆಕ್ಕ ಬರೆಯುವವರು, ಕತೆ ಬರೆಯುವವರಲ್ಲ. ಬೆಳಿಗ್ಗೆ ಆಳುಗಳು ಸಾಲು ನಿಂತಾಗ ಹೆಸರು ಕೂಗಿ ಚೆಕ್‌ರೋಲ್‌ನಲ್ಲಿ ಗೀಟು ಹಾಕುವುದು, ಬಟವಾಡೆಯ ಹಿಂದಿನ ರಾತ್ರಿ ಲಾಂದ್ರದ ಬೆಳಕಿನಲ್ಲಿ ಕೂಲಿ ಕೂಡಿಸುವುದು, ಬಾರದವರ ಹೆಸರಿನ ಮುಂದೆ ಕಾರಣ ಬರೆಯುವುದು ಅವರ ಕೆಲಸ. ತುಂಬಿದ ಪುಸ್ತಕಗಳು ರದ್ದಿಗೆ ಹೋಗುವಾಗ, ಹಿಂಬದಿ ಖಾಲಿ ಇರುವ ಹಾಳೆ ದಂಡವಾಗಬಾರದೆಂದು ಮನೆಗೆ ತರುತ್ತಿದ್ದರು. ನಾನು ಬೀಜಗಣಿತ ಕಲಿತದ್ದು ಆ ಹಾಳೆಗಳ ಬೆನ್ನ ಮೇಲೆ. ಲೆಕ್ಕ ಬಗೆಹರಿಯದಿದ್ದಾಗ ಹಾಳೆ ತಿರುವಿ ಅಪ್ಪನ ಬದಿಯನ್ನು ಓದುತ್ತಿದ್ದೆ.

ಜ್ವರ. ಹೊಟ್ಟೆನೋವು. ಹೆರಿಗೆ. ಸಾವು. ಕುಡಿತ. ಹಬ್ಬಕ್ಕೆ ಊರಿಗೆ. ಇವುಗಳ ನಡುವೆ ಆಗೀಗ ಒಂದೇ ಮಾತು: ನರ.

ಕಾಲಿನ ನರವೋ ಬೆನ್ನಿನ ನರವೋ ಎಂದು ಕೇಳಿದ್ದೆ. ಅಪ್ಪ ಮೂಗಿನ ತುದಿಗೆ ಜಾರಿದ್ದ ಕನ್ನಡಕದ ಮೇಲಿಂದ ನೋಡಿ, "ತಲೆದು" ಎಂದರು. ಅಷ್ಟೇ. ಆಮೇಲೆ ತಿಳಿಯಿತು: ರಾತ್ರಿಯಿಡೀ ಮಾತಾಡುವವರು, ಎರಡು ವಾರದಿಂದ ಮೂಲೆ ಹಿಡಿದವರು, ಬರೆಯ ಮೇಲೆ ನಿಂತು ದೇವರಿಗೆ ಬೈಯುವವರು, ಮೈಮೇಲೆ ಏನೋ ಬರುತ್ತದೆ ಎನ್ನುವವರು, ಎಲ್ಲರೂ ಅಪ್ಪನ ಪುಸ್ತಕದಲ್ಲಿ ನರದ ಕೆಳಗೇ ಬರುತ್ತಿದ್ದರು. ನಾಜೂಕಿಗಾಗಿ ಅಪ್ಪ ಹಾಗೆ ಬರೆಯಲಿಲ್ಲ. ಅವರಷ್ಟು ನಾಜೂಕಿಲ್ಲದ ಮನುಷ್ಯರನ್ನು ನಾನು ಕಡಿಮೆ ನೋಡಿದ್ದೇನೆ. ಅದರ ಹಿಂದೆ ದುಡ್ಡಿತ್ತು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ ಪ್ರಕಾರ ಡಾಕ್ಟರ ಚೀಟಿ ಇದ್ದ ಕಾಯಿಲೆಗೆ ಭತ್ಯೆ ಇತ್ತು. ಡಾಕ್ಟರ ಚೀಟಿಯಲ್ಲಿ ನರದೌರ್ಬಲ್ಯ ಎಂದಿದ್ದರೆ ಆ ಆಳು ಕಾಯಿಲೆಯವನು, ಭತ್ಯೆಗೆ ಅರ್ಹ. ಹುಚ್ಚು ಎಂಬ ಮಾತು ಒಮ್ಮೆ ಯಜಮಾನರ ಬಂಗಲೆಯವರೆಗೆ ಹೋದರೆ ಆ ಆಳಿನ ಲೆಕ್ಕ ಚುಕ್ತಾ ಆಗುತ್ತಿತ್ತು, ತೋಟ ಕೊಟ್ಟ ಲೈನ್ ಮನೆ ಖಾಲಿಯಾಗುತ್ತಿತ್ತು.

ಲೈನಿನಲ್ಲಿ ಒಬ್ಬ ಹೆಂಗಸು ಎರಡನೇ ಹೆರಿಗೆಯಾದ ವಾರಕ್ಕೆ ನಿದ್ದೆ ಬಿಟ್ಟಳು. ಮಗು ತನ್ನದಲ್ಲ, ಯಾರೋ ಬದಲಿಸಿದ್ದಾರೆ ಎಂದಳು. ಹಾಲೂಡಿಸಲಿಲ್ಲ. ಅತ್ತೆ, "ಇರ್ಪಿನ ಕಡೆಯಿಂದ ಬರುವಾಗ ಗಾಳಿ ಸೋಕಿದೆ" ಎಂದು ತೀರ್ಪು ಕೊಟ್ಟಳು. ಕುಟ್ಟದ ಗಡಿ ದಾಟಿದರೆ ವಯನಾಡು. ಅಲ್ಲಿಂದ ಒಬ್ಬ ಮಂತ್ರವಾದಿ ಬಂದ, ಕೋಳಿ ಕೊಯ್ದ, ಹಣ ತೆಗೆದುಕೊಂಡು ಸಂಜೆ ಬಸ್ಸಿಗೆ ಹೋದ. ಬಾಣಂತಿಗೆ ಆಗ ಕಾನೂನು ಕೊಡುತ್ತಿದ್ದದ್ದು 12 ವಾರ. ಅಪ್ಪ ಹನ್ನೆರಡೂ ವಾರ ಹೆರಿಗೆ ಎಂದು ಬರೆದರು, ಆಮೇಲೆ ಒಂದಷ್ಟು ದಿನ ಜ್ವರ ಎಂದರು, ಆಮೇಲೆ ನರ ಎಂದರು. ಪುಣ್ಯಕ್ಕೆ ಹಣ್ಣು ಕೊಯ್ಯುವ ಹೊತ್ತಿಗೆ ಅವಳು ಚುಕ್ಕೆಯಷ್ಟೂ ವ್ಯತ್ಯಾಸವಿಲ್ಲದೆ ಮೊದಲಿನಂತಾಗಿ ಬುಟ್ಟಿ ಹಿಡಿದು ಬಂದಳು. ಹೆರಿಗೆಯ ನಂತರದ ಈ ತೀವ್ರ ಕಾಯಿಲೆ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಬಹುಪಾಲು ಜನರಿಗೆ ವಾಸಿಯಾಗುತ್ತದೆ, ಆದರೆ ಚಿಕಿತ್ಸೆ ಇಲ್ಲದ ಆ ವಾರಗಳಲ್ಲಿ ತಾಯಿಗೂ ಮಗುವಿಗೂ ಅಪಾಯ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷದ ನಂತರ. ಗುಣವಾದ ಕೀರ್ತಿ ಕೋಳಿಗೆ ಹೋಯಿತು.

ಅದೇ ಕಾಲದಲ್ಲಿ ಅದೇ ಕಾಯಿಲೆಯ ಕತೆ ಟಾಕೀಸಿಗೆ ಬಂದಿತ್ತು. ಪುಟ್ಟಣ್ಣ ಕಣಗಾಲರ 'ಶರಪಂಜರ' 1971ರದ್ದು. ನಮ್ಮ ಕಡೆಗೆ ಬರುವಾಗ ಪ್ರಿಂಟು ಹರಿದು ಮಳೆ ಸುರಿದಂತೆ ಗೀರು ಬೀಳುತ್ತಿತ್ತು. ಕಾದಂಬರಿ ಬರೆದ ತ್ರಿವೇಣಿ ಮನಃಶಾಸ್ತ್ರ ಓದಿದವರು. ಹುಚ್ಚಾಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರು, ನೆರೆಯವರು ಮತ್ತೆ ಅಲ್ಲಿಗೇ ತಳ್ಳುವ ಕತೆ ಅದು. ನಾಯಕಿಯ ಹೆಸರು ಕಾವೇರಿ, ಹಾಡಿನಲ್ಲಿ ಕೊಡಗು. ಜನ ಜೀಪು ಮಾಡಿಕೊಂಡು ಹೋದರು. ಕಲ್ಪನಾ ಅವರನ್ನು ನೋಡಿ ಅಳದವರಿರಲಿಲ್ಲ. ಅತ್ತವರಲ್ಲಿ ಯಾರೂ ಲೈನ್ ಮನೆಯ ಆ ಮಗುವನ್ನು ಎತ್ತಿಕೊಂಡದ್ದು ನನಗೆ ನೆನಪಿಲ್ಲ.

ಬಂಗಲೆಯಲ್ಲೂ ಒಬ್ಬರಿದ್ದರು. ಯಜಮಾನರ ತಮ್ಮ. ಮದ್ರಾಸಿನಲ್ಲಿ ಓದುತ್ತಿದ್ದವರು ಓದು ಬಿಟ್ಟು ಬಂದು, ಮಹಡಿಯ ಕೋಣೆಯಿಂದ ಇಳಿಯುತ್ತಿರಲಿಲ್ಲ. ಅವರಿಗೆ ನರ ಇರಲಿಲ್ಲ, ಗಾಳಿಯೂ ಸೋಕಲಿಲ್ಲ. ಅವರಿಗೆ 'ಬ್ರೇಕ್‌ಡೌನ್' ಆಗಿತ್ತು. ಈ ವಿಷಯದಲ್ಲಿ ನಾನು ಕಿವಿಯಾರೆ ಕೇಳಿದ ಮೊದಲ ಇಂಗ್ಲಿಷ್ ಮಾತು ಅದು. ಬ್ರೇಕ್‌ಡೌನ್ ಎಂದರೆ ನಮಗೆ ಕುಟ್ಟ ರಸ್ತೆಯಲ್ಲಿ ನಿಂತ ಜೀಪು. ಗೋಣಿಕೊಪ್ಪಲಿನಿಂದ ಮೆಕ್ಯಾನಿಕ್ ಬರಬೇಕು, ಸಾಮಾನು ಮೈಸೂರಿನಿಂದ ಬರಬೇಕು. ಅವರ ವಿಷಯದಲ್ಲೂ ಹೆಚ್ಚು ಕಡಿಮೆ ಹಾಗೇ ಆಯಿತು. ಒಂದು ರಾತ್ರಿ ಕಾರಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಕೇಳಿದವರಿಗೆಲ್ಲ ಒಂದೇ ಉತ್ತರ: ರೆಸ್ಟಿಗೆ ಹೋಗಿದ್ದಾರೆ.

ರೆಸ್ಟಿನಿಂದ ಮರಳಿದಾಗ ಅವರ ಕೈ ನಡುಗುತ್ತಿತ್ತು. ನಡೆ ಮರದ ಬೊಂಬೆಯ ನಡೆಯಾಗಿತ್ತು. ಮುಖದಲ್ಲಿ ಭಾವ ಓಡುತ್ತಿರಲಿಲ್ಲ. 1950ರ ದಶಕದಲ್ಲಿ ಬಂದ ಕ್ಲೋರ್‌ಪ್ರೊಮಜೀನ್ ಮತ್ತು ಅದರ ಬೆನ್ನಿಗೆ ಬಂದ ಮಾತ್ರೆಗಳು ತಲೆಯೊಳಗಿನ ದನಿಗಳನ್ನು ಅಡಗಿಸುತ್ತಿದ್ದವು. ಜೊತೆಗೆ ಪಾರ್ಕಿನ್ಸನ್ ಕಾಯಿಲೆಯಂಥ ನಡುಕ, ಬಿಗಿತ ತರುತ್ತಿದ್ದವು. ಅಂದರೆ ಊರು ನೋಡಿದ್ದು ಔಷಧದ ಗುರುತನ್ನು, ಅಂದುಕೊಂಡದ್ದು ಹುಚ್ಚಿನ ಗುರುತೆಂದು. ಮಹಡಿಯಲ್ಲಿ ನಿಜವಾಗಿ ಕಾಯಿಲೆಯಿದ್ದಾಗ ಅವರನ್ನು ಯಾರೂ ಕಂಡಿರಲಿಲ್ಲ. ಗುಣವಾಗಿ ಪೇಟೆಗೆ ಇಳಿದ ಮೇಲೆ ಶಾಲೆ ಬಿಟ್ಟ ಮಕ್ಕಳು ಹಿಂದೆ ಬಿದ್ದರು: "ಮೆಂಟಲ್, ಮೆಂಟಲ್!"

ಈ 'ಮೆಂಟಲ್' ಒಂದು ಕಾಲದ ಮರ್ಯಾದೆಯ ಮಾತು. ಯಜಮಾನರ ತಮ್ಮನನ್ನು ಕರೆದೊಯ್ದಿದ್ದ ಬೆಂಗಳೂರಿನ ಆಸ್ಪತ್ರೆ ಹತ್ತೊಂಬತ್ತನೇ ಶತಮಾನದ ನಡುವಿನಿಂದ ಇದೆ. ಮೊದಲ ಹೆಸರು ಲುನಾಟಿಕ್ ಅಸೈಲಂ. 1925ರಲ್ಲಿ ಮೈಸೂರು ಸರ್ಕಾರ ಹೆಸರು ಬದಲಿಸಿ ಮೆಂಟಲ್ ಹಾಸ್ಪಿಟಲ್ ಎಂದಿತು. ಆಗ ಅದು ಸುಧಾರಣೆ. 1954ರಲ್ಲಿ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ನಾನು ಶಾಲೆಯಲ್ಲಿರುವಾಗ ಮೆಂಟಲ್ ಬೈಗುಳವಾಗಿತ್ತು. ನನ್ನ ವಿದ್ಯಾರ್ಥಿಗಳ ಕಾಲಕ್ಕೆ "ನಿಮ್ಹಾನ್ಸ್‌ಗೆ ಸೇರ್ಸು" ಎಂಬುದೇ ತಮಾಷೆಯಾಯಿತು. ಉತ್ತರ ಕರ್ನಾಟಕದವರಿಗೆ ಧಾರವಾಡದ ಆಸ್ಪತ್ರೆ ಇದ್ದ ಹಾಗೆ, ನಮ್ಮ ಗಡಿಯ ಮಲಯಾಳಿಗಳಿಗೆ ಕೋಯಿಕ್ಕೋಡಿನ ಕುದಿರವಟ್ಟಂ. 1872ರಿಂದ ಇರುವ ಆ ಆಸ್ಪತ್ರೆಯ ಊರಿನ ಹೆಸರು ಹೇಳಿದರೆ ಸಾಕು, ಶ್ರೀಮಂಗಲದ ಚಹದಂಗಡಿಯಲ್ಲಿ ಮಿಕ್ಕದ್ದು ಎಲ್ಲರಿಗೂ ಅರ್ಥವಾಗುತ್ತಿತ್ತು. ಕಾನೂನು ಕೂಡ ಇದೇ ದಾರಿಯಲ್ಲಿ ನಡೆದಿದೆ. 1912ರ ಕಾಯ್ದೆಗೆ ಅವರು ಲುನಾಟಿಕ್ಕರು. 1987ರ ಕಾಯ್ದೆಗೆ ಮಾನಸಿಕ ರೋಗಿಗಳು. 2017ರ ಕಾಯ್ದೆಗೆ ಮಾನಸಿಕ ಕಾಯಿಲೆ ಇರುವ ವ್ಯಕ್ತಿಗಳು. ಮುಂದಿನ ಕಾಯ್ದೆ ಏನನ್ನುತ್ತದೋ ನೋಡಲು ನಾನಿರುವುದಿಲ್ಲ.

ಇಲ್ಲೊಂದು ಮಾತು. ಹಿಂದಿನ ಕಾಲದಲ್ಲಿ ಹಳ್ಳಿ ತನ್ನ ಹುಚ್ಚರನ್ನು ಅಪ್ಪಿಕೊಂಡಿತ್ತು, ಈಗಿನ ಹಣೆಪಟ್ಟಿಗಳು ಆಗ ಇರಲಿಲ್ಲ ಎಂದು ಚೆನ್ನಾಗಿ ಓದಿದವರೇ ಬರೆಯುವುದನ್ನು ನೋಡುತ್ತೇನೆ. ಯಾವ ಹಳ್ಳಿ ಎಂದು ಕೇಳಬೇಕೆನಿಸುತ್ತದೆ. ನಾನು ಕಂಡ ಹಳ್ಳಿಯಲ್ಲಿ ಒಬ್ಬ ಹುಡುಗನನ್ನು ಕೊಟ್ಟಿಗೆಯ ಕಂಬಕ್ಕೆ ಹಸುವಿನ ಸರಪಳಿಯಲ್ಲಿ ಕಟ್ಟಿದ್ದರು. ಮನೆಯವರು ಕೆಟ್ಟವರಲ್ಲ, ಹಗಲು ಗದ್ದೆಗೆ ಹೋಗಬೇಕು, ಬಿಟ್ಟರೆ ಅವನು ಕಾಡಿಗೆ ಓಡುತ್ತಿದ್ದ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿಸಿಕೊಂಡಿದ್ದ 28 ಮಂದಿ ಬೆಂಕಿಗೆ ಸಿಕ್ಕಿ ಸತ್ತ ಸುದ್ದಿ ಬಂದಾಗ ನನಗೆ ನೆನಪಾದದ್ದು ಆ ಕೊಟ್ಟಿಗೆ. ಸರಪಳಿ ಹಾಕುವುದನ್ನು ಕಾನೂನು ಸ್ಪಷ್ಟ ಮಾತಿನಲ್ಲಿ ನಿಷೇಧಿಸಿದ್ದು 2017ರಲ್ಲಿ. ಅರಿವಳಿಕೆ ಇಲ್ಲದೆ ಕರೆಂಟ್ ಕೊಡುವುದನ್ನು ನಿಲ್ಲಿಸಿದ್ದೂ ಅದೇ ಕಾಯ್ದೆ.

ನಡುವಿನ ವರ್ಷಗಳಲ್ಲಿ ಏನು ಬದಲಾಯಿತು ಎಂದು ಕೇಳಿದರೆ, ಮೊದಲು ಬದಲಾದದ್ದು ಮಾತ್ರೆ. ಆಮೇಲೆ ರಸ್ತೆ. ಮಾತು ಕೊನೆಗೆ. ಯಜಮಾನರ ತಮ್ಮನಿಗೆ ತಿಂಗಳಿಗೆ ಒಂದೆರಡು ಬಾರಿ ಕೊಡುವ ಇಂಜೆಕ್ಷನ್ ಸಿಗುವಂತಾದ ಮೇಲೆ, ದಿನವೂ ಮಾತ್ರೆ ನುಂಗಿಸುವ ಜಗಳ ನಿಂತಿತು. ಅವರು ಸಾಯುವವರೆಗೂ ಪೇಟೆಗೆ ಬಂದು ಕುಳಿತು ಪೇಪರ್ ಓದುತ್ತಿದ್ದರು, ಕಾಳುಮೆಣಸಿನ ದರದ ಬಗ್ಗೆ ವಾದ ಮಾಡುತ್ತಿದ್ದರು, ಹೆಚ್ಚಿನ ಸಲ ಅವರೇ ಸರಿಯಾಗಿರುತ್ತಿದ್ದರು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಒಂದಿಷ್ಟು ತರಬೇತಿ, ನಾಲ್ಕಾರು ಮಾತ್ರೆ ಕೊಟ್ಟರೆ ಜಿಲ್ಲೆಯಲ್ಲೇ ಚಿಕಿತ್ಸೆ ನಡೆಯುತ್ತದೆ ಎಂದು ನಿಮ್ಹಾನ್ಸ್‌ನವರು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದ ಎರಡನೇ ಭಾಗದಲ್ಲಿ. ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿ ಅದು. ನಮ್ಮಲ್ಲಿ ಬಳ್ಳಾರಿ ಎಂದರೆ ಗಣಿ ನೆನಪಾಗುತ್ತದೆ, ಇದು ಯಾರಿಗೂ ನೆನಪಾಗುವುದಿಲ್ಲ.

ಕನ್ನಡದಲ್ಲಿ ಮಾತಿನ ಕೊರತೆಯಂತೂ ಇರಲಿಲ್ಲ. 'ಕೊರವಂಜಿ' ಹಾಸ್ಯ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಮನಮಂಥನ' ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಗೆ ಬರಹಗಾರರಿಗೆ ಮನೋರೋಗದ ಪುಸ್ತಕಕ್ಕೆ ಅಕಾಡೆಮಿ ಪ್ರಶಸ್ತಿ ಬಂದ ಭಾಷೆ ನಮ್ಮದು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಪುಸ್ತಕದ ಮೇಲೆ ಪುಸ್ತಕ ಬರೆದರು. ಖಿನ್ನತೆ, ಆತಂಕ, ಗೀಳು ಇವೆಲ್ಲ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೆ ಬಂದವು. ಮೈಮೇಲೆ ದೇವರು ಬರುವುದನ್ನೂ ಅವರು ಹೀಗಳೆಯದೆ ವಿವರಿಸಿದರು. ಜನ ಓದಿದರು. ಆದರೆ ಓದಿದ ಮಾತನ್ನು ಅಡುಗೆಮನೆಗೆ ತರಲಿಲ್ಲ. "ನನಗೆ ಖಿನ್ನತೆ" ಎಂದು ಯಾರಾದರೂ ಶ್ರೀಮಂಗಲದಲ್ಲಿ ಹೇಳಿದ್ದನ್ನು ನಾನು ಇವತ್ತಿನವರೆಗೆ ಕೇಳಿಲ್ಲ. ಬೇಜಾರು ಎನ್ನುತ್ತಿದ್ದರು. ಆಮೇಲೆ ಟೆನ್ಶನ್ ಬಂತು.

ಟೆನ್ಶನ್ ಬಂದದ್ದು ಕಾಫಿ ದರದ ಜೊತೆಯಲ್ಲಿ. ಅದಕ್ಕೂ ಮುಂಚೆ ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೆ ಕೊಟ್ಟು, ಅವರು ಕಂತಿನಲ್ಲಿ ಕೊಟ್ಟಾಗ ತೆಗೆದುಕೊಂಡು, ಬೈಯುತ್ತಾ ಸುಖವಾಗಿದ್ದರು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಇಲ್ಲಿ ದರ ಏರಿತ್ತು. ಜನ ಕಾರು ಕೊಂಡರು, ಮನೆ ಕಟ್ಟಿದರು, ಸಾಲ ತೆಗೆದರು. ಶತಮಾನ ತಿರುಗುವಾಗ ದರ ಕುಸಿಯಿತು, ಸಾಲ ನಿಂತಿತು. ಆಗ ಗಂಡಸರು ರಾತ್ರಿ ಎದ್ದು ಅಂಗಳದಲ್ಲಿ ಓಡಾಡಲು ಶುರು ಮಾಡಿದರು. ಕೇಳಿದರೆ: "ಟೆನ್ಶನ್." ಈ ಮಾತಿನ ಅನುಕೂಲವೆಂದರೆ ಅದಕ್ಕೆ ಒಂದು ಘನತೆ ಇತ್ತು. ಸಾಲ ಇರುವವನಿಗೆ, ತೋಟ ಇರುವವನಿಗೆ, ಜವಾಬ್ದಾರಿ ಇರುವವನಿಗೆ ಟೆನ್ಶನ್ ಬರುತ್ತದೆ. ಹೆಂಗಸರಿಗೆ ಅದು ಬಿ.ಪಿ. ಆಯಿತು. ಬಿ.ಪಿ. ಮಾತ್ರೆಯ ಜೊತೆ ನಿದ್ದೆಯ ಒಂದು ಸಣ್ಣ ಮಾತ್ರೆ ಚೀಟಿಯಲ್ಲಿ ಸೇರುತ್ತಿತ್ತು. ಆ ಸಣ್ಣ ಮಾತ್ರೆಯನ್ನು ಇಪ್ಪತ್ತು ವರ್ಷ ನುಂಗಿದ, ಒಮ್ಮೆಯೂ ಏಕೆ ಎಂದು ಕೇಳದ ಹೆಂಗಸರು ನನ್ನ ಬಳಗದಲ್ಲೇ ಇದ್ದಾರೆ.

ನಾನು ಇಂಗ್ಲಿಷ್ ಟೀಚರಾದೆ, ನಿವೃತ್ತಳಾದೆ. ಈಗ ಮನೆಯ ಜಗಲಿಯಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಯರಿಗೆ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಪಾಠ ಹೇಳುತ್ತೇನೆ. ಕೊಡವರ ಮಕ್ಕಳು, ಮಲಯಾಳಿಗಳು, ಲೈನ್ ಮನೆಯಲ್ಲಿ ಹುಟ್ಟಿ ಓದಿ ಮೇಲೆ ಬಂದವರು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಮಾತು, ಓದು, ಕೇಳುವುದಕ್ಕೆ 7, ಬರವಣಿಗೆಗೆ 6.5 ಅಂಕ ಕೇಳುತ್ತದೆ. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಒಂದು ಚೀಟಿ ಕೊಡುತ್ತಾರೆ, ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಮಾತಾಡಬೇಕು. ಏಳು ಬರಬೇಕಾದರೆ ಸಾಮಾನ್ಯ ಪದಗಳು ಸಾಲವು. ಸ್ವಲ್ಪ ಅಪರೂಪದವು, ನುಡಿಗಟ್ಟುಗಳು ಬೇಕು. ಹಾಗಾಗಿ ವಿಷಯಕ್ಕೊಂದು ಪಟ್ಟಿ ಇಟ್ಟಿದ್ದೇನೆ. ಪರಿಸರಕ್ಕೊಂದು, ನಗರ ಜೀವನಕ್ಕೊಂದು, ಈಚೆಗೆ ಮಾನಸಿಕ ಆರೋಗ್ಯಕ್ಕೊಂದು. ಸ್ಟಿಗ್ಮಾ, ರಿಸಿಲಿಯನ್ಸ್, ಕೋಪಿಂಗ್ ಮೆಕ್ಯಾನಿಸಂ, ಬರ್ನ್‌ಔಟ್, ಟ್ರಿಗರ್, ಸಪೋರ್ಟ್ ನೆಟ್‌ವರ್ಕ್. ಭಾವನೆಗಳನ್ನು ಒಳಗೇ ಅದುಮಿಡುವುದಕ್ಕೆ 'ಬಾಟಲ್ ಅಪ್' ಎಂಬ ನುಡಿಗಟ್ಟು ಹೇಳಿಕೊಟ್ಟಾಗ ಜಗಲಿಯಲ್ಲಿ ನಗು. ನಮ್ಮ ಕಡೆ ಬಾಟಲು ತೆರೆದ ಮೇಲೇ ಭಾವನೆಗಳು ಹೊರಗೆ ಬರುವುದು.

ಹುಡುಗಿಯರು ಈ ಪಟ್ಟಿಯನ್ನು ಪರಿಸರದ ಪಟ್ಟಿಗಿಂತ ಬೇಗ ಕಲಿಯುತ್ತಾರೆ. ಅರ್ಧ ಅವರಿಗೆ ಮೊದಲೇ ಗೊತ್ತು, ಮೊಬೈಲಿನಿಂದ. ಟಾಕ್ಸಿಕ್, ಟ್ರಾಮಾ, ಗ್ಯಾಸ್‌ಲೈಟಿಂಗ್. ಕೊನೆಯದು ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ನಾಟಕದಿಂದ ಬಂದದ್ದು, ಹೆಂಡತಿಗೆ ತಲೆ ಕೆಟ್ಟಿದೆ ಎಂದು ಅವಳನ್ನೇ ನಂಬಿಸುವ ಗಂಡನ ಕತೆ ಎಂದು ವಿವರಿಸಿದೆ. "ಅಂಥದ್ದು ಇಲ್ಲೂ ಉಂಟು ಟೀಚರ್," ಎಂದಳು ಒಬ್ಬಳು, "ಹೆಸರು ಗೊತ್ತಿರ್ಲಿಲ್ಲ." ದೀಪಿಕಾ ಪಡುಕೋಣೆ 2015ರಲ್ಲಿ ತನಗೆ ಡಿಪ್ರೆಷನ್ ಇತ್ತೆಂದು ಟಿ.ವಿ.ಯಲ್ಲಿ ಹೇಳಿಕೊಂಡಾಗ ಇವರೆಲ್ಲ ಶಾಲೆಯಲ್ಲಿದ್ದವರು. ಅಂಥ ಚೆಲುವೆ, ಅಷ್ಟು ದುಡ್ಡು, ಬೆಂಗಳೂರಿನ ಹುಡುಗಿ, ಅವಳಿಗೇ ಬಂದರೆ ಮಿಕ್ಕವರಿಗೆ ಬರುವುದರಲ್ಲಿ ಏನು ಅವಮಾನ ಎಂಬ ತರ್ಕ ಅವರಿಗೆ ಸಹಜ. ನನ್ನ ಓರಗೆಯವರಿಗೆ ಅದೇ ಸುದ್ದಿ ಉಲ್ಟಾ ಅರ್ಥವಾಗಿತ್ತು: ದುಡ್ಡು ಹೆಚ್ಚಾದವರ ಕಾಯಿಲೆ.

ಒಂದು ದಿನ ಅಭ್ಯಾಸಕ್ಕೆ ಚೀಟಿ ಕೊಟ್ಟೆ: ನೀವು ತುಂಬಾ ಹೆದರಿದ ಒಂದು ಸಂದರ್ಭವನ್ನು ವಿವರಿಸಿ. 2021ರ ಆರಂಭದಲ್ಲಿ ಶ್ರೀಮಂಗಲ ಹೋಬಳಿಯಲ್ಲಿ ಹುಲಿ ದಾಳಿಗೆ ಜನ ಸತ್ತದ್ದು ದೊಡ್ಡ ಸುದ್ದಿಯಾಗಿತ್ತು. ಆ ಕಡೆಯ ಲೈನ್ ಮನೆಯ ಹುಡುಗಿ ಅದನ್ನೇ ತೆಗೆದುಕೊಂಡಳು. ಸತ್ತವರನ್ನು ಬಲ್ಲವಳು. ತೋಟಕ್ಕೆ ಹೋಗಲು ಹೆದರಿಕೆ, ಸಂಜೆ ಐದಕ್ಕೇ ಬಾಗಿಲು, ಎಲೆ ಸರಕ್ಕೆಂದರೂ ಎದೆ ಹೊಡೆತ. ಎಲ್ಲವನ್ನೂ ಪಟ್ಟಿಯ ಪದಗಳಲ್ಲಿ ಪೋಣಿಸಿ ಎರಡು ನಿಮಿಷ ನಿಲ್ಲದೆ ಮಾತಾಡಿದಳು. ಹೈಪರ್‌ವಿಜಿಲೆಂಟ್ ಎಂದಳು, ಅದು ನನ್ನ ಪಟ್ಟಿಯಲ್ಲೂ ಇರಲಿಲ್ಲ. ಏಳೂವರೆ ಕೊಡಬಹುದಿತ್ತು. ಮೂರನೇ ಭಾಗದ ಪ್ರಶ್ನೆ ಕೇಳಿದೆ: ನಿಮ್ಮ ಸಮುದಾಯದಲ್ಲಿ ಇಂಥವರು ಸಹಾಯ ಪಡೆಯುತ್ತಾರೆಯೇ? ಅದಕ್ಕೂ ಸೊಗಸಾದ ಉತ್ತರ, ಜಾಗೃತಿ ಹೆಚ್ಚುತ್ತಿದೆ, ಕಳಂಕ ಕಡಿಮೆಯಾಗುತ್ತಿದೆ ಎಂದು. ಗಡಿಯಾರ ನಿಲ್ಲಿಸಿ ಕನ್ನಡದಲ್ಲಿ ಕೇಳಿದೆ, "ನಿಮ್ಮನೇಲಿ ಯಾರಿಗಾದ್ರೂ ಹಾಗೆ ಆಯ್ತಾ?"

"ಚಿಕ್ಕಮ್ಮನಿಗೆ. ಇನ್ನೂ ಸರಿ ನಿದ್ದೆ ಇಲ್ಲ. ಒಬ್ಬಳೇ ಹೊರಗೆ ಕಾಲಿಡಲ್ಲ."

"ಡಾಕ್ಟರಿಗೆ ತೋರಿಸಿದ್ರಾ?"

"ಅದು ಹೇಗಾಗ್ತದೆ ಟೀಚರ್? ಅವರ ಮಗಳಿಗೆ ಈಗ ಗಂಡು ನೋಡ್ತಾ ಇದ್ದಾರೆ."

ಹುಡುಗಿ ಆಷಾಢಭೂತಿಯಲ್ಲ. ಪರೀಕ್ಷೆಯಲ್ಲಿ ಆ ಮಾತುಗಳಿಗೆ ಅಂಕ ಇದೆ, ಅಂಕಕ್ಕೆ ವೀಸಾ ಇದೆ. ಊರಿನಲ್ಲಿ ಅದೇ ಮಾತುಗಳಿಗೆ ದಂಡ ಇದೆ. ನಮ್ಮಪ್ಪನಿಗೂ ಗೊತ್ತಿದ್ದದ್ದು ಇದೇ ಲೆಕ್ಕ. ದಂಡ ಬರೀ ಜನರ ಬಾಯಲ್ಲಿಲ್ಲ, ಪುಸ್ತಕದಲ್ಲೂ ಇದೆ. ಹಿಂದೂ ವಿವಾಹ ಕಾಯ್ದೆ ಮದುವೆಗೆ ಹಾಕುವ ಶರತ್ತುಗಳಲ್ಲಿ ಮಾನಸಿಕ ಅಸ್ವಸ್ಥತೆ ಇಂದಿಗೂ ಉಂಟು. ಮೂರ್ಛೆರೋಗವೂ ಅಲ್ಲೇ ಇತ್ತು. 1999ರಲ್ಲಿ ತಿದ್ದುಪಡಿ ಮಾಡಿ ತೆಗೆದರು. ವಿಮೆಯ ಕತೆಯೂ ಹಾಗೇ: ಮೈಯ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಕಾಯ್ದೆ ಹೇಳಬೇಕಾಯಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿ ಎಂದು ನೋಡದೆ ತೀವ್ರ ಒತ್ತಡದಲ್ಲಿದ್ದವರು ಎಂದು ನೋಡಬೇಕೆಂದದ್ದೂ ಅದೇ. ಅಲ್ಲಿಯವರೆಗೆ ಆಸ್ಪತ್ರೆಯ ಹಾಸಿಗೆಯ ಪಕ್ಕ ಪೊಲೀಸರು ಬರುತ್ತಾರೆಂಬ ಭಯಕ್ಕೆ ಮನೆಯವರು "ತಪ್ಪಿ ಕುಡಿದದ್ದು" ಎಂದೇ ಬರೆಸುತ್ತಿದ್ದರು. ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಕಳಂಕದ ಬಗ್ಗೆ ಬರೆದ ಪುಸ್ತಕದಲ್ಲಿ ಎರಡು ಬಗೆಯವರನ್ನು ಬೇರ್ಪಡಿಸುತ್ತಾನೆ: ಕಳಂಕ ಎಲ್ಲರಿಗೂ ಗೊತ್ತಾದವರು, ಗೊತ್ತಾದರೆ ಕೆಟ್ಟೆವು ಎಂದು ಬಚ್ಚಿಟ್ಟುಕೊಂಡು ಬದುಕುವವರು. ಎರಡನೆಯವರ ಬದುಕೆಲ್ಲ ಯಾರಿಗೆ ಎಷ್ಟು ಹೇಳಬೇಕೆಂಬ ಲೆಕ್ಕಾಚಾರದಲ್ಲೇ ಹೋಗುತ್ತದೆ. ಯಜಮಾನರ ತಮ್ಮ ಮೊದಲನೆಯವರು, ಈ ಚಿಕ್ಕಮ್ಮ ಎರಡನೆಯವಳು.

ಆದರೂ ಇಂಗ್ಲಿಷಿನ ಮಾತುಗಳನ್ನು ಬರೀ ಶೋಕಿ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಮನೆಯ ಮಾತಿನಲ್ಲಿ ಹೇಳಿದರೆ ಅಜ್ಜಿ, ಅತ್ತೆ, ಒಕ್ಕದ, ಅಂದರೆ ಮನೆತನದ ಹಿರಿಯರು ಎಲ್ಲರೂ ಆ ಮಾತಿನೊಳಗೆ ಬಂದು ಕೂರುತ್ತಾರೆ. ಪರಭಾಷೆಯಲ್ಲಿ ಅವರಿಗೆ ಜಾಗವಿಲ್ಲ. ನನ್ನಲ್ಲಿ ಕಲಿತ ಇನ್ನೊಬ್ಬ ಹುಡುಗಿ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ತನಗೆ ಆ್ಯಂಗ್ಸೈಟಿ ಇದೆ, ಥೆರಪಿಗೆ ಹೋಗುತ್ತಿದ್ದೇನೆ ಎಂದು ತಂದೆಗೆ ವಾಟ್ಸ್ಆ್ಯಪಿನಲ್ಲಿ ಇಂಗ್ಲಿಷಿನಲ್ಲೇ ಬರೆದಳು. ತಂದೆಗೆ ಅರ್ಧ ಅರ್ಥವಾಯಿತು, ಆ ಅರ್ಧಕ್ಕೇ ಅವರು ಫೀಸು ಕಳಿಸಿದರು. ಕನ್ನಡದಲ್ಲಿ ಬರೆದಿದ್ದರೆ ಮರುದಿನ ಬಸ್ಸು ಹತ್ತಿ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋಗುತ್ತಿದ್ದರು ಎಂದು ಅವಳೇ ನಕ್ಕಳು. ಅವರಿಬ್ಬರೂ ಆ ವಿಷಯವನ್ನು ಇದುವರೆಗೆ ಬಾಯಿಬಿಟ್ಟು ಮಾತಾಡಿಲ್ಲ. ಹುಡುಗಿ ಗುಣವಾಗಿದ್ದಾಳೆ. ನನಗೆ ಅಷ್ಟು ಸಾಕು.

ನನ್ನ ಪಟ್ಟಿಯಿಂದ ಪೂರ್ತಿ ಹೊರಗಿರುವವರು ಈಗಲೂ ಲೈನಿನವರೇ. ಆ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಹಾಡಿಗಳಲ್ಲಿ ಎರವರು, ಜೇನುಕುರುಬರು. ಅಲ್ಲಿ ಕುಡಿತ ಏಕೆ ಹೆಚ್ಚಾಯಿತು ಎಂದು ಸಭೆ ಮಾಡುವವರಿಗೆ, ನಿದ್ದೆ ಬಾರದ್ದಕ್ಕೆ ಕುಡಿಯುತ್ತಾರೋ ಕುಡಿದದ್ದಕ್ಕೆ ನಿದ್ದೆ ಬಾರದೋ ಎಂದು ಕೇಳುವ ವ್ಯವಧಾನ ಕಡಿಮೆ. ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದೋ ಒಂದು ಮಾನಸಿಕ ತೊಂದರೆ ಕಂಡುಬಂತು. ತೊಂದರೆ ಇದ್ದವರಲ್ಲಿ ಚಿಕಿತ್ಸೆ ಸಿಗದವರು, ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ಒಳ್ಳೆಯ ಏರ್ಪಾಡು. ಆದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವುದೆಂದರೆ ಲೈನಿನವರಿಗೆ ಒಂದು ದಿನದ ಕೂಲಿ, ಜೊತೆಗೆ ಬರುವವರದೂ ಸೇರಿ ಎರಡು. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಇದೆ; 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲಿ, ಮಲಯಾಳದಲ್ಲಿ, ಅಸ್ಸಾಮಿಯಲ್ಲೂ ಮಾತಾಡುತ್ತಾರೆ. ಸಿಗ್ನಲ್ ಬರುವ ದಿಬ್ಬದ ಮೇಲೆ, ಅಕ್ಕಪಕ್ಕದವರೆಲ್ಲ ಫೋನ್ ಹಿಡಿದು ನಿಂತಿರುವಲ್ಲಿ, ಏನು ಹೇಳಲಾದೀತು ಎಂಬುದು ಬೇರೆ ಮಾತು.

ಅಲ್ಲಿಗೆ ಹೋಗುವ ಆಶಾ ಕಾರ್ಯಕರ್ತೆಯೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಮಾನಸಿಕ ಎಂಬ ಮಾತನ್ನೇ ಬಳಸುವುದಿಲ್ಲ. "ನಿದ್ದೆ ಬರ್ತದಾ? ಊಟ ಸೇರ್ತದಾ? ಅಳು ಬರ್ತದಾ?" ಎಂದು ಕೇಳುತ್ತಾಳಂತೆ. ಮೂರಕ್ಕೂ ಬೇಡದ ಉತ್ತರ ಬಂದರೆ, ನಿದ್ದೆಯ ಡಾಕ್ಟರ ಹತ್ತಿರ ಹೋಗುವ ಎಂದು ಹೊರಡಿಸುತ್ತಾಳೆ. ಮೊದಲ ಸಲ ಹೋದವರಲ್ಲಿ ಎರಡನೇ ಸಲ ಹೋಗುವವರು ಕಡಿಮೆ. ನಿದ್ದೆ ಬಂದರೆ ಕಾಯಿಲೆ ಹೋಯಿತು ಎಂದೇ ಅವರ ಲೆಕ್ಕ.

ಹುಲಿಯ ಬಗ್ಗೆ ಮಾತಾಡಿದ ಹುಡುಗಿ ಏಳು ಅಂಕ ತೆಗೆದು ಈಗ ಇಂಗ್ಲೆಂಡಿನ ಒಂದು ಊರಿನಲ್ಲಿ, ವಯಸ್ಸಾದವರ ವಾರ್ಡಿನಲ್ಲಿದ್ದಾಳೆ. ಈಚೆಗೆ ಒಂದು ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದ್ದಳು. ಅಲ್ಲಿಯ ಮುದುಕರು ನನ್ನ ಪಟ್ಟಿಯ ಒಂದು ಪದವನ್ನೂ ಆಡುವುದಿಲ್ಲವಂತೆ. ಮೂರು ದಿನ ಗೋಡೆ ನೋಡಿಕೊಂಡು ಮಲಗಿದವರನ್ನು ಕೇಳಿದರೂ, ಚೆನ್ನಾಗಿದ್ದೇನೆ, ಸ್ವಲ್ಪ ಸುಸ್ತು ಎನ್ನುತ್ತಾರಂತೆ. ಇವಳು ಮೊದಲ ವಾರ ಕೋಪಿಂಗ್ ಹೇಗಿದೆ ಎಂದು ಕೇಳಿದ್ದಕ್ಕೆ ಒಬ್ಬ ಮುದುಕ, ಅದೇನು ಔಷಧವೇ ಎಂದು ಕೇಳಿದನಂತೆ. ಹಿರಿಯ ನರ್ಸ್ ಪಕ್ಕಕ್ಕೆ ಕರೆದು, ನಿದ್ದೆ ಬಂತೇ, ತಿಂದಿರೇ, ಮನೆಯಿಂದ ಯಾರಾದರೂ ಬಂದಿದ್ದರೇ, ಇಷ್ಟು ಕೇಳು ಎಂದಳಂತೆ. ಚಿಕ್ಕಮ್ಮನ ಮಗಳ ಮದುವೆ ನಿಶ್ಚಯವಾಗಿದೆ, ಮದುವೆ ಮುಗಿದ ಮೇಲೆ ಅವಳನ್ನು ಮೈಸೂರಿಗೆ ತೋರಿಸುತ್ತಾರೆ ಎಂದೂ ಕೊನೆಯಲ್ಲಿ ಹೇಳಿದಳು, ಯಾರಿಗೂ ಹೇಳಬೇಡಿ ಎಂಬ ಮಾತಿನೊಂದಿಗೆ.

ಈ ಸಲದ ತಂಡಕ್ಕೆ ಆ ಪ್ರಶ್ನೆಗಳನ್ನೂ ಪಟ್ಟಿಯ ಕೆಳಗೆ ಸೇರಿಸಿದ್ದೇನೆ. ಇದೆಲ್ಲ ಐದನೇ ಕ್ಲಾಸಿನ ಇಂಗ್ಲಿಷು, ಇದಕ್ಕೆ ಅಂಕ ಬರುವುದಿಲ್ಲ ಎಂದು ಹುಡುಗಿಯರು ಗೊಣಗುತ್ತಾರೆ. ಪರೀಕ್ಷೆಯ ಮಟ್ಟಿಗೆ ಅವರು ಹೇಳುವುದು ನಿಜ.